‘ಒಂದು ಗಂಟೆ’ಯ ಹಾದಿ ಮತ್ತು ಮಲೆನಾಡಿನ ದೂರ

ಬೆಂಗಳೂರಿನಿಂದ ಮಂಗಳೂರಿಗೆ ಒಂದು ಗಂಟೆ. ಜಾಹೀರಾತುಗಳಲ್ಲಿ, ಉದ್ಯಮಿಗಳ ಸಮಾವೇಶಗಳಲ್ಲಿ, ಜನಪ್ರತಿನಿಧಿಗಳ ಭಾಷಣಗಳಲ್ಲಿ ಈ ಮಾತು ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದನ್ನು ಒರೆಗೆ ಹಚ್ಚಿ ನೋಡುವ ಅಗತ್ಯವೇ ಯಾರಿಗೂ ತೋರುವುದಿಲ್ಲ. ಬಸ್ಸಿಗೆ ಏಳೆಂಟು ಗಂಟೆ, ರೈಲಿಗೆ ಒಂಬತ್ತು ಹತ್ತು ಗಂಟೆ, ವಿಮಾನಕ್ಕೆ ಮಾತ್ರ ಒಂದೇ ಗಂಟೆ. ಇನ್ನು ವಾದವೇಕೆ ಎಂಬುದು ಸಾಮಾನ್ಯ ತೀರ್ಮಾನ. ಈ ತೀರ್ಮಾನದ ಬೆನ್ನಿಗೇ ಊರೂರಿಗೆ ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಏಳುತ್ತದೆ. ಬೇಡಿಕೆಯ ಬೆನ್ನಿಗೆ ಭೂಸ್ವಾಧೀನ ಬರುತ್ತದೆ, ಸಾರ್ವಜನಿಕ ಹಣದ ಕೋಟಿಗಳು ಬರುತ್ತವೆ, ಸಮತಟ್ಟಾಗುವ ಗುಡ್ಡಗಳು ಬರುತ್ತವೆ. ಒಂದು ಅಂಕಿಯ ಮೇಲೆ ಇಷ್ಟೆಲ್ಲ ಕಟ್ಟಲಾಗುತ್ತಿರುವಾಗ ಆ ಅಂಕಿ ನಿಜವೇ ಎಂದು ಕೇಳುವುದು ಘಟ್ಟದ ಜನರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.

ಗೆರೆಯ ಅಳತೆ

ಮೊದಲು ದೂರದ ವಿಚಾರ. ದೇವನಹಳ್ಳಿಯ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬಜ್ಪೆಯ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 305 ಕಿ.ಮೀ. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಹೋಗುವ ಹೆದ್ದಾರಿಯ ಉದ್ದ ಸುಮಾರು 350 ಕಿ.ಮೀ. ಅಂದರೆ ಆಕಾಶಮಾರ್ಗವು ಉಳಿಸುವ ದೂರ 45 ಕಿ.ಮೀ. ಮಾತ್ರ. ಅದರಲ್ಲಿಯೂ ಬೆಂಗಳೂರಿನ ನಡುಭಾಗದಿಂದ ದೇವನಹಳ್ಳಿಗೆ ಹೋಗುವ 35 ಕಿ.ಮೀ., ಬಜ್ಪೆಯಿಂದ ಮಂಗಳೂರು ಪೇಟೆಗೆ ಇಳಿಯುವ ಹದಿಮೂರು ಕಿ.ಮೀ. ಕೂಡಿಸಿದರೆ, ಉಳಿದದ್ದೆಲ್ಲ ಅಲ್ಲಿಗೇ ಕರಗಿಹೋಗುತ್ತದೆ. ಮನೆಯಿಂದ ಮನೆಗೆ ಅಳೆದರೆ ವಿಮಾನದ ದಾರಿ ನೆಲದ ದಾರಿಗಿಂತ ಗಿಡ್ಡವೇನಲ್ಲ.

ಇನ್ನು ಕಾಲ. ಜೆಟ್ ವಿಮಾನವು ಎತ್ತರದಲ್ಲಿ ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರುತ್ತದೆ. ಈ ವೇಗದಲ್ಲಿ 305 ಕಿ.ಮೀ. ಕ್ರಮಿಸಲು 23 ನಿಮಿಷ ಸಾಕು. ಹಾಗಿದ್ದೂ ವೇಳಾಪಟ್ಟಿಯಲ್ಲಿ ಒಂದು ಗಂಟೆ ಬರೆದಿರುವುದೇಕೆ? ವಿಮಾನ ಸಂಸ್ಥೆಗಳು ಲೆಕ್ಕಹಾಕುವುದು ಹಾರಾಟದ ಅವಧಿಯನ್ನಲ್ಲ. ಒಂದು ನಿಲ್ದಾಣದಲ್ಲಿ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದರಲ್ಲಿ ಬಂದು ನಿಲ್ಲುವ ಗಳಿಗೆಯವರೆಗಿನ ಅವಧಿಯನ್ನು. ರನ್‌ವೇಯವರೆಗೆ ತೆವಳುವುದು, ಸರದಿಯಲ್ಲಿ ಕಾಯುವುದು, ಮೇಲೇರುವುದು, ಕೆಳಗಿಳಿಯುವುದು, ಇಳಿಯಲು ಅನುಮತಿ ದೊರೆಯುವವರೆಗೆ ಸುತ್ತುವುದು ಎಲ್ಲವೂ ಅದರಲ್ಲಿ ಸೇರಿವೆ. ಇಷ್ಟು ಕಿರಿದಾದ ದಾರಿಯಲ್ಲಿ ವಿಮಾನವು ತನ್ನ ಸಹಜ ವೇಗದಲ್ಲಿ ಸಮತಲವಾಗಿ ಹಾರುವ ಹೊತ್ತು ಅತ್ಯಲ್ಪ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗುತ್ತದೆ.

ಪ್ರಯಾಣಿಕನ ಗಂಟೆಯಾದರೋ ವಿಮಾನದ ಗಂಟೆಗಿಂತ ಬೇರೆ. ಬೆಂಗಳೂರಿನ ನಡುಭಾಗದಿಂದ ನಿಲ್ದಾಣ ತಲುಪಲು ವಾಹನದಟ್ಟಣೆಯನ್ನು ಅನುಸರಿಸಿ ಒಂದರಿಂದ ಒಂದೂವರೆ ಗಂಟೆ. ಸಾಮಾನು ಒಪ್ಪಿಸುವ ಕಿಟಕಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ತಪಾಸಣೆಯ ಸಾಲು ಎಷ್ಟುದ್ದವಿರುವುದೋ ತಿಳಿಯದಿರುವುದರಿಂದ, ಒಂದೂವರೆ ಗಂಟೆ ಮುಂಚಿತವಾಗಿ ಹೋಗಿ ಕೂರುವುದು ಅನಿವಾರ್ಯ. ಅನಂತರ ಪ್ರಯಾಣದ ಒಂದು ಗಂಟೆ. ಇಳಿದು ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ. ಬಜ್ಪೆಯಿಂದ ಪೇಟೆಗೆ ಮತ್ತೆ ಮುಕ್ಕಾಲು ಗಂಟೆ. ಕೂಡಿಸಿದರೆ ಐದು ಗಂಟೆಯ ಆಸುಪಾಸು. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕವಿದು ವಿಮಾನವು ಬೇರೆ ಊರಿಗೆ ತಿರುಗಿಹೋದರೆ ಆ ದಿನದ ಲೆಕ್ಕವೇ ಬೇರೆ. ಎಲ್ಲವೂ ಸುಸೂತ್ರವಾಗಿ ನಡೆದ ದಿನವೂ 305 ಕಿ.ಮೀ.ಗೆ ಐದು ಗಂಟೆ ಎಂದರೆ ಗಂಟೆಗೆ ಅರವತ್ತೊಂದು ಕಿ.ಮೀ. ಇದು ಸಾಧಾರಣ ಮೋಟಾರು ಗಾಡಿಯ ವೇಗ. ಬಸ್ಸಿಗಿಂತ ಎರಡೂವರೆ ಗಂಟೆಯ ಲಾಭವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಜಾಹೀರಾತು ಹೇಳುವ ಲಾಭ ಆರೂವರೆ ಗಂಟೆಯದು. ನಡುವಣ ನಾಲ್ಕು ಗಂಟೆ ಎಲ್ಲಿ ಹೋಯಿತೆಂದು ಕೇಳುವವರಿಲ್ಲ.

ಇದಕ್ಕೊಂದು ಇತಿಹಾಸವೂ ಉಂಟು. 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ನಗರಕ್ಕೆ ಅಂಟಿಕೊಂಡೇ ಇದ್ದ ಎಚ್.ಎ.ಎಲ್. ನಿಲ್ದಾಣದಿಂದ ಹಾರುತ್ತಿದ್ದವು. ದೇವನಹಳ್ಳಿಯ ಸುಮಾರು 4,000 ಎಕರೆ ನೆಲದ ಮೇಲೆ ಹೊಸ ನಿಲ್ದಾಣ ಆರಂಭವಾದಂದು ದೂರದೇಶಗಳ ಪ್ರಯಾಣಿಕನಿಗೆ ಅನುಕೂಲವಾಯಿತು. ಮಂಗಳೂರಿನಂತಹ ಹತ್ತಿರದ ಊರಿಗೆ ಹೋಗುವವನಿಗೆ ನೆಲದ ಮೇಲಿನ ಹಾದಿ ಬೆಳೆಯಿತು. ಆಕಾಶದಲ್ಲಿ ಊರು ಒಂದಿಂಚೂ ಸರಿಯಲಿಲ್ಲ, ವೇಳಾಪಟ್ಟಿಯ ಒಂದು ಗಂಟೆ ಹಾಗೆಯೇ ಉಳಿಯಿತು.

ಗೆರೆಯ ಕೆಳಗಿನವರು

ನಕ್ಷೆಯ ಮೇಲಿನ ಆ ನೇರ ಗೆರೆಯನ್ನು ವಿದ್ಯಾರ್ಥಿಗಳು ಒಮ್ಮೆ ಬೆರಳಿಟ್ಟು ಹಿಂಬಾಲಿಸಿ ನೋಡಬೇಕು. ಅದು ತುಮಕೂರು ಮತ್ತು ಕುಣಿಗಲ್ಲುಗಳ ನಡುವೆ ಸಾಗಿ, ಹಾಸನದ ಉತ್ತರ ಅಂಚನ್ನು ಹಾದು, ಸಕಲೇಶಪುರ ಮೂಡಿಗೆರೆಗಳ ನಡುವಣ ಕಾಫಿ ತೋಟಗಳನ್ನೂ ಘಟ್ಟದ ಶೋಲಾ ಕಾಡುಗಳನ್ನೂ ದಾಟಿ, ಬೆಳ್ತಂಗಡಿಯ ಮೇಲಿಂದ ಕರಾವಳಿಗೆ ಇಳಿಯುತ್ತದೆ. ಈ ಗೆರೆಯ ಕೆಳಗೆ ಬದುಕುವ ಲಕ್ಷಾಂತರ ಜನರಲ್ಲಿ ಒಬ್ಬನಿಗೂ ಆ ವಿಮಾನ ನಿಲ್ಲುವುದಿಲ್ಲ. ಸಕಲೇಶಪುರದವನು ಬೆಂಗಳೂರಿನಿಂದ ಬಸ್ಸು ಹತ್ತಿದರೆ ನಾಲ್ಕು ನಾಲ್ಕೂವರೆ ಗಂಟೆಯಲ್ಲಿ ಊರು ಸೇರುತ್ತಾನೆ. ವಿಮಾನ ಹತ್ತಿದರೆ ತನ್ನ ಮನೆಯ ಮಾಡಿನ ಸಮೀಪವೇ ಹಾರಿಹೋಗಿ, ಸಮುದ್ರದ ಅಂಚಿನಲ್ಲಿ ಇಳಿದು, ಮತ್ತೆ 130 ಕಿ.ಮೀ. ಘಾಟಿ ಹತ್ತಿ ಬರಬೇಕು. ಒಟ್ಟು ಎಂಟು ಗಂಟೆಯಾದೀತು. ನೆಲ್ಯಾಡಿಯವನಿಗೆ ಎರಡೂ ಒಂದೇ, ಖರ್ಚು ಮಾತ್ರ ಹಲವು ಪಟ್ಟು. ಎರಡು ತುದಿಗಳಲ್ಲಿ ಇರುವವರಿಗಷ್ಟೇ ಹತ್ತಿರವಾಗುವುದು ವಿಮಾನದ ಸ್ವಭಾವ. ಬಸ್ಸು ಮತ್ತು ರೈಲು ಹಾದಿಯುದ್ದಕ್ಕೂ ಜನರನ್ನು ಹತ್ತಿಸುತ್ತ ಇಳಿಸುತ್ತ ಹೋಗುವುದರಿಂದಲೇ ನಿಧಾನ. ಆ ನಿಧಾನವು ದೋಷವಲ್ಲ, ಸೇವೆ.

ಮಲೆನಾಡಿನಲ್ಲಿ ದೂರವನ್ನು ಅಳೆಯುತ್ತಿದ್ದ ಮಾತುಗಳೇ ಬೇರೆ ಇದ್ದವು. ಒಂದು ಕೂಗಳತೆ, ಎರಡು ಹರದಾರಿ, ಉಂಡು ಹೊರಟರೆ ಸಂಜೆಯ ಹೊತ್ತಿನ ದಾರಿ. ಆ ಅಳತೆಗಳಲ್ಲಿ ನಡೆಯುವವನ ಕಾಲೂ ಇತ್ತು, ದಾರಿಯ ಏರೂ ಇತ್ತು, ಮಳೆಯೂ ಇತ್ತು. ಇಂದಿಗೂ ಘಟ್ಟದ ಹಳ್ಳಿಗೆ ದೂರವೆಂದರೆ ಹಳ್ಳ ತುಂಬಿದಾಗ ಆಚೆ ದಡಕ್ಕೆ ಇರುವ ಇಪ್ಪತ್ತು ಅಡಿ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ಮಗುವಿಗೂ ಮನೆಗೂ ನಡುವಣ ದೂರವನ್ನು ಯಾವ ವೇಳಾಪಟ್ಟಿಯೂ ನಮೂದಿಸಿರಲಿಲ್ಲ. ಕಾಲುಸಂಕಕ್ಕೆ ಬೇಕಾಗುವ ಕೆಲವು ಲಕ್ಷ ರೂಪಾಯಿಗಾಗಿ ಗ್ರಾಮಸಭೆಯಲ್ಲಿ ವರ್ಷಗಟ್ಟಲೆ ಅರ್ಜಿ ಕೊಟ್ಟವರಿಗೆ, ಇಬ್ಬರು ಪ್ರಯಾಣಿಕರ ಎರಡೂವರೆ ಗಂಟೆಗೆ ಇರುವ ಬೆಲೆ ಮತ್ತು ತಮ್ಮ ಮಕ್ಕಳ ಜೀವಕ್ಕೆ ಇರುವ ಬೆಲೆ ಎರಡನ್ನೂ ತೂಗಿ ನೋಡಲು ಯಾವ ತಕ್ಕಡಿಯೂ ಬೇಕಾಗಿಲ್ಲ.

ಶಿವಮೊಗ್ಗ ಜಿಲ್ಲೆಯ ಉದಾಹರಣೆ ಇನ್ನೂ ಸ್ಪಷ್ಟ. ಸೋಗಾನೆಯಲ್ಲಿ ಸುಮಾರು 450 ಕೋಟಿ ರೂ. ವೆಚ್ಚದಲ್ಲಿ, 3.2 ಕಿ.ಮೀ. ಉದ್ದದ ರನ್‌ವೇಯೊಂದಿಗೆ ಕಟ್ಟಿದ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಲ್ಲಿಂದ ದೇವನಹಳ್ಳಿಗೆ ನೇರ ಗೆರೆಯ ದೂರ ಸುಮಾರು 240 ಕಿ.ಮೀ.; ಇದೇ ಎರಡು ನಗರಗಳ ನಡುವೆ ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಓಡುತ್ತದೆ. ಇದೇ ಜಿಲ್ಲೆಯಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿಯ ಹಿನ್ನೀರು ಕರೂರು, ತುಮರಿ ಭಾಗದ ಜನರನ್ನು ದ್ವೀಪವಾಸಿಗಳನ್ನಾಗಿ ಮಾಡಿತು. ನಾಡಿಗೆ ಬೆಳಕು ಕೊಟ್ಟ ಆ ಜನ ಆಸ್ಪತ್ರೆಗೂ ಕಾಲೇಜಿಗೂ ಲಾಂಚಿಗಾಗಿ ಕಾಯುತ್ತ ಆರು ದಶಕ ಕಳೆದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದರ ವೆಚ್ಚವೂ ವಿಮಾನ ನಿಲ್ದಾಣದ ಆಸುಪಾಸಿನಲ್ಲಿಯೇ ಇದೆ. ಸೇತುವೆಯು ಜನರ ದಿನದಿನದ ದೂರವನ್ನು ನಿಜವಾಗಿ ಕಡಿಮೆ ಮಾಡಿತು. ಸೈಕಲ್ಲಿನವನೂ, ತಲೆಹೊರೆಯವಳೂ, ರಾತ್ರಿ ಹೆರಿಗೆನೋವು ಬಂದವಳೂ ದಾಟಬಹುದಾದ ದಾರಿ ಅದು. ಆದರೂ ಮೊದಲು ಬಂದದ್ದು ರನ್‌ವೇ, ಆಮೇಲೆ ಬಂದದ್ದು ಸೇತುವೆ. ಯಾರ ದೂರ ಮೊದಲು ಕಡಿಮೆಯಾಗಬೇಕು ಎಂಬ ಪ್ರಶ್ನೆಗೆ ಆಳುವವರು ಕೊಟ್ಟ ಉತ್ತರ ಈ ಎರಡು ದಿನಾಂಕಗಳಲ್ಲಿದೆ.

ಹೊಗೆಯ ಲೆಕ್ಕ

ವಿಮಾನವು ಅತಿ ಹೆಚ್ಚು ಇಂಧನ ಸುಡುವುದು ನೆಲ ಬಿಟ್ಟು ಮೇಲೇರುವಾಗ. ದೂರದ ಹಾದಿಯಲ್ಲಿ ಆ ಖರ್ಚು ಸಾವಿರಾರು ಕಿ.ಮೀ.ಗೆ ಹಂಚಿಹೋಗುತ್ತದೆ, 300 ಕಿ.ಮೀ. ಹಾದಿಯಲ್ಲಿ ಹಂಚಲು ದಾರಿಯೇ ಇರುವುದಿಲ್ಲ. 180 ಆಸನಗಳ ಜೆಟ್ ವಿಮಾನ ಇಷ್ಟು ದೂರಕ್ಕೆ ಹೆಚ್ಚುಕಡಿಮೆ ಎರಡು ಟನ್ ಇಂಧನ ಸುಡುತ್ತದೆ. ಒಂದು ಕಿಲೋ ಇಂಧನ ಸುಟ್ಟರೆ ಹೊರಬರುವ ಇಂಗಾಲದ ಡೈ ಆಕ್ಸೈಡ್ 3.16 ಕಿಲೋ. ವಿಮಾನದಲ್ಲಿ 150 ಜನರಿದ್ದಾರೆಂದು ಹಿಡಿದರೆ ತಲೆಗೆ ಸುಮಾರು 42 ಕಿಲೋ. ಲೀಟರಿಗೆ ನಾಲ್ಕು ಕಿ.ಮೀ. ಓಡುವ ಬಸ್ಸು 350 ಕಿ.ಮೀ.ಗೆ 88 ಲೀಟರ್ ಡೀಸೆಲ್ ಸುಟ್ಟು ಸುಮಾರು 235 ಕಿಲೋ ಹೊಗೆ ಬಿಡುತ್ತದೆ. 40 ಜನರಿಗೆ ಹಂಚಿದರೆ ತಲೆಗೆ ಆರು ಕಿಲೋ. ಏಳು ಪಟ್ಟು ಅಂತರ. ಪಂಖದ ಚಿಕ್ಕ ವಿಮಾನಗಳು ಜೆಟ್‌ಗಿಂತ ಕಡಿಮೆ ಸುಡುತ್ತವೆ, ಆದರೂ ಬಸ್ಸಿನ ಹಲವು ಪಟ್ಟು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಒಬ್ಬನೇ ಕುಳಿತು ಓಡಿಸುವ ಕಾರು ಈ ಲೆಕ್ಕದಲ್ಲಿ ವಿಮಾನಕ್ಕಿಂತ ಶ್ರೇಷ್ಠವೇನೂ ಅಲ್ಲ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರು ಇದೇ ದಾರಿಗೆ 54 ಕಿಲೋ ಹೊಗೆ ಬಿಡುತ್ತದೆ. ಆದ್ದರಿಂದ ವಿಮಾನಕ್ಕೆ ಪರ್ಯಾಯವೆಂದು ಘಾಟಿಯನ್ನು ಕಡಿದು ಕಾರುಗಳಿಗೆ ರಸ್ತೆ ಅಗಲಿಸುವವರಿಗೂ ಈ ಲೆಕ್ಕದಿಂದ ಬೆಂಬಲ ದೊರೆಯುವುದಿಲ್ಲ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ನೆಟ್ಟಗೆ ಕಡಿದಿದ್ದ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಬಿದ್ದುದನ್ನು ಘಟ್ಟದ ಜನ ಮರೆತಿಲ್ಲ.

ಜಗತ್ತಿನ ಒಟ್ಟು ಇಂಗಾಲದ ಹೊಗೆಯಲ್ಲಿ ವಿಮಾನಯಾನದ ಪಾಲು ಶೇ. 2.5ರಷ್ಟು ಮಾತ್ರ, ಅದಕ್ಕೇಕೆ ಇಷ್ಟು ಗದ್ದಲ ಎಂದು ಕೇಳುವವರಿದ್ದಾರೆ. ಪಾಲು ಚಿಕ್ಕದಾಗಿರುವುದು ವಿಮಾನವು ನಿರಪಾಯವೆಂಬ ಕಾರಣಕ್ಕಲ್ಲ, ಹಾರುವವರು ಕೆಲವರೇ ಎಂಬ ಕಾರಣಕ್ಕೆ. 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನಸಂಖ್ಯೆಯ ಶೇ. 11ಕ್ಕಿಂತ ಹೆಚ್ಚಿರಲಾರರು, ಪ್ರಯಾಣಿಕ ವಿಮಾನಗಳ ಹೊಗೆಯ ಅರ್ಧಕ್ಕೂ ಹೆಚ್ಚು ಭಾಗ ಶೇ. 1ರಷ್ಟು ಜನರಿಂದ ಬಂದದ್ದು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ಎತ್ತರದಲ್ಲಿ ವಿಮಾನಗಳು ಬಿಟ್ಟುಹೋಗುವ ಮಂಜಿನ ಗೆರೆಗಳು ಮತ್ತು ಇತರ ಅನಿಲಗಳನ್ನು ಸೇರಿಸಿದರೆ ಭೂಮಿ ಬಿಸಿಯಾಗುವುದರಲ್ಲಿ ಅವುಗಳ ಪಾಲು ಶೇ. 3.5ಕ್ಕೆ ಏರುತ್ತದೆ. ಬಿಸಿಯಾದ ಸಮುದ್ರದಿಂದ ಹೆಚ್ಚು ತೇವ ಹೊತ್ತು ಬರುವ ಮೋಡ ಸುರಿಯುವುದು ಹಾರಿದವನ ಅಂಗಳದಲ್ಲಿ ಅಲ್ಲ. ಹಾರದವನ ಗುಡ್ಡದ ಮೇಲೆ. 2018ರ ಆಗಸ್ಟ್‌ನಲ್ಲಿ ಕೊಡಗು ಅದನ್ನು ಅನುಭವಿಸಿತು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರು, ಅದೇ ತಿಂಗಳ ಕೊನೆಯಲ್ಲಿ ವಯನಾಡು ಅನುಭವಿಸಿದವು. ಈ ದುರಂತಗಳಿಗೆ ನೆಲ ಕಡಿದುದು, ಕಾಡು ಕಡಿದುದು ಮುಂತಾದ ಕಾರಣಗಳೂ ಇವೆ; ವಿಮಾನವೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಮಳೆಯ ಸ್ವಭಾವವೇ ಬದಲಾಗುತ್ತಿರುವ ಕಾಲದಲ್ಲಿ, ಅದಕ್ಕೆ ಅತ್ಯಂತ ಕಡಿಮೆ ಕಾರಣರಾದವರೇ ಅತ್ಯಂತ ಹೆಚ್ಚು ತೆರುತ್ತಿದ್ದಾರೆಂಬುದಂತೂ ಸತ್ಯ.

ಯಾರ ಹಣ, ಯಾರ ಹಾದಿ

ಚಪ್ಪಲಿ ಹಾಕುವವನೂ ವಿಮಾನ ಹತ್ತಬೇಕೆಂಬ ಘೋಷಣೆಯೊಂದಿಗೆ ‘ಉಡಾನ್’ ಯೋಜನೆ 2016ರಲ್ಲಿ ಪ್ರಕಟವಾಯಿತು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ ಮತ್ತು ದೆಹಲಿಯ ನಡುವೆ ಮೊದಲ ವಿಮಾನ ಹಾರಿತು. ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳ ದರವನ್ನು 2,500 ರೂ.ಗೆ ಮಿತಿಗೊಳಿಸಿ, ಕಂಪನಿಗೆ ಆಗುವ ಕೊರತೆಯನ್ನು ತುಂಬಿಕೊಡುವ ಏರ್ಪಾಡು ಇದು. ಕೊರತೆಯ ಒಂದು ಭಾಗವನ್ನು ರಾಜ್ಯಗಳೂ ಹೊರಬೇಕು. ಈ ನಿಲ್ದಾಣಗಳಲ್ಲಿ ವಿಮಾನದ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ಶೇ. 1ಕ್ಕೆ ಇಳಿಸಬೇಕು. ಬೆಂಗಳೂರು ಮಂಗಳೂರು ಮಾರ್ಗ ಈ ಯೋಜನೆಯದಲ್ಲ. ಆದರೆ ‘ಒಂದು ಗಂಟೆ’ಯೆಂಬ ಮಂತ್ರ ಸರ್ಕಾರದ ನೀತಿಯಾಗಿ ಹೇಗೆ ಬೆಳೆಯಿತೆಂಬುದಕ್ಕೆ ಇದು ಸಾಕ್ಷಿ. ಅದರ ಫಲವೇನು? ಮಹಾಲೇಖಪಾಲರ 2023ರ ವರದಿಯ ಪ್ರಕಾರ ಮೊದಲ ಮೂರು ಹಂತಗಳಲ್ಲಿ ಹಂಚಲಾದ 774 ಮಾರ್ಗಗಳ ಪೈಕಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದವು 112. ಸಹಾಯದ ಅವಧಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದವು 54. ಸರ್ಕಾರದ ಊರುಗೋಲು ತೆಗೆದೊಡನೆ ಕುಸಿಯುವ ಹಾದಿಗಳಿಗಾಗಿ ಶಾಶ್ವತವಾಗಿ ಹೋದದ್ದು ನೆಲ.

ಇತ್ತ ಹಳ್ಳಿಯ ಬಸ್ಸಿನ ಪಾಡು ನೋಡಬೇಕು. 2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ಸಂಸ್ಥೆಗಳು ಬಸ್ ದರವನ್ನು ಶೇ. 15ರಷ್ಟು ಏರಿಸಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ವಿಮಾನದ ಇಂಧನಕ್ಕೆ ಶೇ. 1ರ ರಿಯಾಯಿತಿ, ಕೊನೆಯ ಹಳ್ಳಿಗೆ ಹೋಗುವ ಬಸ್ಸಿನ ಇಂಧನಕ್ಕೆ ಶೇ. 21ರ ಹೊರೆ. ಇದನ್ನು ಅಭಿವೃದ್ಧಿಯೆನ್ನುವುದಾದರೆ ಅನ್ಯಾಯವೆಂಬ ಪದಕ್ಕೆ ಬೇರೆ ಅರ್ಥ ಹುಡುಕಬೇಕಾದೀತು.

ರೈಲಿನ ಕಥೆಯೂ ಇಂತಹುದೇ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಣ 55 ಕಿ.ಮೀ. ಘಟ್ಟದ ಹಳಿಯಲ್ಲಿ ಸುರಂಗಗಳೇ 57. ಐವತ್ತು ಅಡಿಗೆ ಒಂದು ಅಡಿಯ ಏರು. ರೈಲಿನ ವೇಗ ಗಂಟೆಗೆ 30 ಕಿ.ಮೀ.ಗೆ ಸೀಮಿತ. ಅಲ್ಲಿ ರೈಲು ಮೆಲ್ಲಗೆ ಹೋಗುವುದು ಘಟ್ಟಕ್ಕೂ ಪ್ರಯಾಣಿಕನಿಗೂ ಕ್ಷೇಮ. ಅಗಲ ಹಳಿಯ ಪರಿವರ್ತನೆಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದ ಪ್ರಯಾಣಿಕ ರೈಲು 2007ರ ಡಿಸೆಂಬರ್‌ನಲ್ಲಿ ಮರಳಿ ಆರಂಭವಾಯಿತು. ಆ ಬಳಿಕವೂ ಆಸನ ಸಿಗದೆ ಹಿಂದಿರುಗುವವರ ಸಾಲು ಹಬ್ಬದ ದಿನಗಳಲ್ಲಿ ಕರಗುವುದಿಲ್ಲ. ಘಟ್ಟವನ್ನು ಇನ್ನಷ್ಟು ಕೊರೆಯದೆ, ಹಾಸನದ ಈಚೆಗೂ ಸುಬ್ರಹ್ಮಣ್ಯದ ಆಚೆಗೂ ಇರುವ ಸಮತಟ್ಟಾದ ಹಳಿಯಲ್ಲಿ ವ್ಯರ್ಥವಾಗುವ ಕಾಲವನ್ನು ಉಳಿಸಿ, ರಾತ್ರಿ ಹತ್ತಿ ಬೆಳಗ್ಗೆ ಇಳಿಯುವಂತಹ ಬೋಗಿಗಳನ್ನು ಹೆಚ್ಚಿಸಿದರೆ ‘ಒಂದು ಗಂಟೆ’ಯ ವಾದದ ಅರ್ಧ ಬಲ ಉಡುಗಿಹೋಗುತ್ತದೆ. ಮಲಗಿ ಕಳೆದ ರಾತ್ರಿಯನ್ನು ಯಾರೂ ನಷ್ಟವೆಂದು ಎಣಿಸುವುದಿಲ್ಲ.

ವಿಮಾನವೇ ಬೇಡವೆಂಬ ಹಟ ಇಲ್ಲಿಲ್ಲ. 1951ರಲ್ಲಿ ಆರಂಭವಾದ ಬಜ್ಪೆಯ ನಿಲ್ದಾಣಕ್ಕೆ ಅದರದೇ ಆದ ಕೆಲಸವಿದೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಸಾವಿರಾರು ಮಂದಿಗೆ ಕಡಲು ದಾಟಲು ಬೇರೆ ದಾರಿ ಇಲ್ಲ. ಅಂತಹ ಪ್ರಯಾಣವನ್ನೂ, ಜೀವ ಉಳಿಸುವ ತುರ್ತಿನ ಹಾರಾಟವನ್ನೂ, ಬಸ್ಸು ರೈಲುಗಳಿರುವ 300 ಕಿ.ಮೀ. ಹಾದಿಯ ಹಾರಾಟವನ್ನೂ ಒಂದೇ ತಕ್ಕಡಿಯಲ್ಲಿಡುವುದು ವಿವೇಕವಲ್ಲ. ಗುಡ್ಡದ ತಲೆಯನ್ನು ಸಮ ಮಾಡಿ ರನ್‌ವೇ ಕಟ್ಟುವ ಬೆಲೆಯೇನೆಂಬುದನ್ನು 158 ಜನ ಮಡಿದ 2010ರ ಮೇ 22ರ ದುರಂತ ತೋರಿಸಿದೆ. ಫ್ರಾನ್ಸ್ ದೇಶವು ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ಮಾರ್ಗಗಳಲ್ಲಿ ವಿಮಾನವನ್ನೇ ಕಾನೂನಿನ ಮೂಲಕ ನಿಲ್ಲಿಸಿದೆ. 2021ರ ಆ ಕಾನೂನು 2023ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಮಾರ್ಗಗಳು ಮೂರೇ ಆದರೂ ತತ್ತ್ವ ದೊಡ್ಡದು: ನೆಲದ ದಾರಿ ಚೆನ್ನಾಗಿದ್ದಲ್ಲಿ ಆಕಾಶದ ದಾರಿ ಅನಗತ್ಯ. ಅಲ್ಲಿ ಮೊದಲು ರೈಲು ಚೆನ್ನಾಯಿತು, ಆಮೇಲೆ ವಿಮಾನ ನಿಂತಿತು ಎಂಬುದೂ ಗಮನಿಸತಕ್ಕ ಅಂಶ.

ಹಾಸನದಲ್ಲಿ ವಿಮಾನ ನಿಲ್ದಾಣದ ಕಾಮಗಾರಿ ಕೈಗೆತ್ತಿಕೊಳ್ಳಲಾಗಿದೆ. ಚಿಕ್ಕಮಗಳೂರು, ಮಡಿಕೇರಿ, ಧರ್ಮಸ್ಥಳಗಳಲ್ಲಿ ಕಿರು ವಿಮಾನ ಪಟ್ಟಿಗಳ ಮಾತು ಸರ್ಕಾರದ ಮಟ್ಟದಲ್ಲಿ ಕೇಳಿಬಂದಿದೆ. ಇಂತಹ ಪ್ರತಿಯೊಂದು ಪ್ರಸ್ತಾಪ ಬಂದಾಗಲೂ ಗ್ರಾಮಸಭೆಗಳು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಮನೆಯಿಂದ ಮನೆಗೆ ಉಳಿಯುವ ಕಾಲವೆಷ್ಟು? ತಾಲೂಕಿನ ನೂರು ಜನರಲ್ಲಿ ಎಷ್ಟು ಜನರಿಗೆ ಉಳಿಯುತ್ತದೆ? ಒಬ್ಬ ಪ್ರಯಾಣಿಕನ ಒಂದು ಗಂಟೆ ಉಳಿಸಲು ಸಾರ್ವಜನಿಕ ಬೊಕ್ಕಸದಿಂದ ಹೋಗುವ ಹಣವೆಷ್ಟು? ಅಷ್ಟೇ ಹಣದಲ್ಲಿ ಎಷ್ಟು ಕಾಲುಸಂಕ, ಎಷ್ಟು ಬಸ್ಸು, ಎಷ್ಟು ಆಂಬುಲೆನ್ಸ್ ಬರುತ್ತಿದ್ದವು? ಈ ನಾಲ್ಕಕ್ಕೆ ಲಿಖಿತ ಉತ್ತರ ಬರುವವರೆಗೆ ಒಂದು ಗುಂಟೆ ನೆಲಕ್ಕೂ ಒಪ್ಪಿಗೆ ಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳು ಇದಕ್ಕೆ ಮೊದಲೇ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಪ್ರತಿ ಮನೆಯಿಂದ ಹತ್ತಿರದ ಆಸ್ಪತ್ರೆಗೆ, ಪ್ರೌಢಶಾಲೆಗೆ, ನ್ಯಾಯಬೆಲೆ ಅಂಗಡಿಗೆ ಜುಲೈ ತಿಂಗಳ ಮಳೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದಿಡಲಿ. ಮಲೆನಾಡಿನ ನಿಜವಾದ ವೇಳಾಪಟ್ಟಿ ಅದು. ಆ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ತಾಲೂಕು ಕಚೇರಿಗೂ ಶಾಸಕರಿಗೂ ಕಳುಹಿಸಿದರೆ, ಮುಂದಿನ ಸಲ ‘ಒಂದು ಗಂಟೆ’ಯ ಮಾತು ವೇದಿಕೆಯ ಮೇಲೆ ಬಂದಾಗ ಉತ್ತರ ಕೊಡಲು ಕೈಯಲ್ಲಿ ಕಾಗದವಾದರೂ ಇರುತ್ತದೆ.